ಕಾಲಲ್ಲಿ ಉಸಿರು, ಕೈಯಲ್ಲಿ ರಾಗ: ಪುಣೆ ರಂಗಭೂಮಿಯ ಪೆಡಲ್ ಆರ್ಗನ್ ಕಲಿಯುವುದು ಹೇಗೆ?

ಪುಣೆ: ಮರಾಠಿ ಸಂಗೀತ ನಾಟಕ ನೋಡಲು ಹೋದವರು ವೇದಿಕೆಯ ಮುಂಭಾಗದಲ್ಲಿ ತಬಲಾ ವಾದಕರ ಜತೆ ಕುಳಿತ ಇನ್ನೊಬ್ಬರನ್ನು ಗಮನಿಸಿರುತ್ತಾರೆ. ಮೇಜಿನಂಥ ಮರದ ಪೆಟ್ಟಿಗೆಯ ಮುಂದೆ ಕುಳಿತು ಎರಡೂ ಕೈಗಳಿಂದ ಸ್ವರ ನುಡಿಸುವ ಇವರ ಪಾದಗಳು ಕೆಳಗೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಇದೇ ಪೆಡಲ್ ಆರ್ಗನ್. ನಾಂದಿಯಿಂದ ಕೊನೆಯ ಪದದವರೆಗೆ ಗಾಯಕ ನಟರಿಗೆ ಆಸರೆಯಾಗುವ ಈ ವಾದ್ಯದಲ್ಲಿ ಕೈಗಿಂತ ಮೊದಲು ಪಳಗಬೇಕಾದ್ದು ಕಾಲು. ವಾದ್ಯ ಹೇಗೆ ಕೆಲಸ ಮಾಡುತ್ತದೆ, ಕಲಿಕೆ ಹೇಗೆ ಸಾಗುತ್ತದೆ ಎಂಬ ಮಾಹಿತಿ ಇಲ್ಲಿದೆ.

ಏನಿದು ಪೆಡಲ್ ಆರ್ಗನ್?

ಚರ್ಚ್‌ಗಳಲ್ಲಿರುವ ಪೈಪ್ ಆರ್ಗನ್ನಿನ ದೂರದ ಸಂಬಂಧಿ ಇದು. ಪೈಪ್ ಆರ್ಗನ್‌ನಲ್ಲಿ ಗಾಳಿ ಕೊಳವೆಗಳ ಮೂಲಕ ಹಾದು ನಾದ ಹುಟ್ಟುತ್ತದೆ. ಅಲ್ಲಿ ಕಾಲಿಗೂ ಪ್ರತ್ಯೇಕ ಕೀಗಳಿದ್ದು (ಸಾಮಾನ್ಯವಾಗಿ 30 ಅಥವಾ 32), ಮಂದ್ರ ಸ್ವರಗಳನ್ನು ಪಾದಗಳಿಂದಲೇ ನುಡಿಸುತ್ತಾರೆ. ಗಾಳಿ ತುಂಬುವ ಕೆಲಸವನ್ನು ಈಗ ವಿದ್ಯುತ್ ಯಂತ್ರ ಮಾಡುತ್ತದೆ.

ನಾಟಕದ ಆರ್ಗನ್‌ನಲ್ಲಿ ಕೊಳವೆಗಳಿಲ್ಲ. ಹಾರ್ಮೋನಿಯಂನಂತೆ ಹಿತ್ತಾಳೆಯ ರೀಡ್‌ಗಳು ಕಂಪಿಸಿ ಸ್ವರ ಕೊಡುತ್ತವೆ. ಕಾಲು ಸ್ವರ ನುಡಿಸುವುದಿಲ್ಲ, ಬದಲಿಗೆ ಎರಡು ಪೆಡಲ್‌ಗಳನ್ನು ಒತ್ತಿ ತಿದಿಗಳನ್ನು ನಡೆಸುತ್ತದೆ. ಅಮೆರಿಕನ್ ಮಾದರಿಯ ಆರ್ಗನ್‌ನಲ್ಲಿ ತಿದಿ ಗಾಳಿಯನ್ನು ಹೊರಗೆಳೆಯುತ್ತದೆ, ಹಾರ್ಮೋನಿಯಂನಲ್ಲಿ ಒಳಗಿನಿಂದ ದೂಡುತ್ತದೆ. ಆರ್ಗನ್ನಿನ ನಾದ ಮೃದುವಾಗಿ, ಗುಂಡಗೆ ಕೇಳಲು ಇದೂ ಒಂದು ಕಾರಣ.

ಪುಣೆಗೂ ಆರ್ಗನ್‌ಗೂ ಏನು ನಂಟು?

ಮರಾಠಿ ಸಂಗೀತ ನಾಟಕ ಪರಂಪರೆಗೆ ಪುಣೆಯಲ್ಲಿ ಅಡಿಪಾಯ ಹಾಕಿದವರು ಅಣ್ಣಾಸಾಹೇಬ ಕಿರ್ಲೋಸ್ಕರ್. ಇವರು ಹುಟ್ಟಿದ್ದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇವರ 'ಸಂಗೀತ ಶಾಕುಂತಲ' 1880ರಲ್ಲಿ ಪುಣೆಯಲ್ಲಿ ರಂಗವೇರಿತು. ಮುಂದೆ 1913ರಲ್ಲಿ ಬಾಲಗಂಧರ್ವ, ಗೋವಿಂದರಾವ್ ಟೆಂಬೆ ಮತ್ತಿತರರು ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಟೆಂಬೆ ಸ್ವತಃ ಹೆಸರಾಂತ ಹಾರ್ಮೋನಿಯಂ ವಾದಕರು. ಅಹ್ಮದ್ ಜಾನ್ ತಿರಕ್ವಾ ಅವರ ತಬಲಾ, ಕಾದರ್ ಬಕ್ಷ್ ಅವರ ಸಾರಂಗಿಯ ಜತೆ ಆರ್ಗನ್ ಕೂಡ ಈ ಮಂಡಳಿಯ ಗುರುತಾಯಿತು.

ಧ್ವನಿವರ್ಧಕ ಇಲ್ಲದ ಆ ಕಾಲದಲ್ಲಿ ಹಿಂದಿನ ಸಾಲಿನವರೆಗೆ ಮುಟ್ಟುವ ನಾದ ಬೇಕಿತ್ತು. ಕೈಪೇಟಿಯಲ್ಲಿ ಒಂದು ಕೈ ತಿದಿ ಒತ್ತುವುದಕ್ಕೇ ಮೀಸಲು. ಆರ್ಗನ್‌ನಲ್ಲಿ ಆ ಕೆಲಸ ಕಾಲಿನದು. ಹಾಗಾಗಿ ಬಲಗೈ ಗಾಯಕರನ್ನು ಹಿಂಬಾಲಿಸಿದರೆ ಎಡಗೈ ಮಂದ್ರದಲ್ಲಿ ಆಧಾರ ಸ್ವರ ಹಿಡಿಯಬಹುದು.

ಕನ್ನಡ ವೃತ್ತಿ ರಂಗಭೂಮಿಗೂ ಈ ಬಗೆಯ ವಾದ್ಯ ಹೊಸತಲ್ಲ. ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂ ಮತ್ತು ಅದನ್ನು ನುಡಿಸುತ್ತಿದ್ದ ಪೇಟಿ ಮಾಸ್ತರರನ್ನು ಹಳೆಯ ಪ್ರೇಕ್ಷಕರು ಇಂದಿಗೂ ನೆನೆಯುತ್ತಾರೆ.

ಮೊದಲ ಪಾಠ ಕಾಲಿಗೆ

* ಸ್ಟೂಲ್‌ನ ಮುಂತುದಿಯಲ್ಲಿ ಬೆನ್ನು ನೆಟ್ಟಗೆ ಇಟ್ಟು ಕುಳಿತುಕೊಳ್ಳಬೇಕು. ಇಡೀ ಪಾದ ಪೆಡಲ್ ಮೇಲಿರಬೇಕು. ಹಿಮ್ಮಡಿ ಊರಿ, ಪಾದದ ಮುಂಭಾಗದಿಂದ ಒತ್ತಬೇಕು.
* ಒಂದು ಪಾದ ಪೂರ್ತಿ ಕೆಳಗಿಳಿಯುವ ಮೊದಲೇ ಇನ್ನೊಂದು ಒತ್ತಲು ಶುರು ಮಾಡಬೇಕು. ನಡುವೆ ಬಿಡುವಾದರೆ ನಾದ ಕುಸಿಯುತ್ತದೆ.
* ಷಡ್ಜ ಒಂದನ್ನೇ ಹಿಡಿದು ಒಂದು ನಿಮಿಷ ಪೆಡಲ್ ತುಳಿಯಿರಿ. ನಾದದಲ್ಲಿ ಏರಿಳಿತ ಕೇಳದಿದ್ದರೆ ಕಾಲು ಹದಕ್ಕೆ ಬಂತು ಎಂದರ್ಥ.
* ಪೆಡಲ್ ವೇಗ ತಾಳಕ್ಕೆ ಕಟ್ಟುಬೀಳಬಾರದು. ತಬಲಾ ದ್ರುತಕ್ಕೆ ಹೋದಾಗ ಕಾಲೂ ಜತೆಗೆ ಓಡುವುದು ಹೊಸಬರಲ್ಲಿ ಸಾಮಾನ್ಯ. ಕಾಲಿನ ವೇಗ ನಿರ್ಧಾರವಾಗಬೇಕಾದ್ದು ಗಾಳಿಯ ಖರ್ಚಿನಿಂದ. ಹೆಚ್ಚು ಕೀ ಒತ್ತಿದಷ್ಟೂ, ಹೆಚ್ಚು ಸ್ಟಾಪ್ ಎಳೆದಷ್ಟೂ ಹೆಚ್ಚು ಗಾಳಿ ಬೇಕು.

ನಂತರ ಕೈ, ಆಮೇಲೆ ಮೊಣಕಾಲು

ಪಿಯಾನೋದಲ್ಲಿ ಪೆಡಲ್ ಒತ್ತಿದರೆ ಬೆರಳು ತೆಗೆದ ಮೇಲೂ ಸ್ವರ ಉಳಿಯುತ್ತದೆ. ಆರ್ಗನ್‌ನಲ್ಲಿ ಬೆರಳು ಎತ್ತಿದೊಡನೆ ಸ್ವರ ನಿಲ್ಲುತ್ತದೆ. ಆದ್ದರಿಂದ ಒಂದು ಬೆರಳು ಏಳುವಾಗ ಇನ್ನೊಂದು ಇಳಿದಿರಬೇಕು. ಅಲಂಕಾರಗಳನ್ನು ವಿಳಂಬದಲ್ಲಿ ನುಡಿಸಿ ಈ ಜೋಡಣೆ ಕಲಿಯುತ್ತಾರೆ. ಗಾಯಕರ ಶ್ರುತಿ ಬಿಳಿ ಒಂದೋ ಕರಿ ಎರಡೋ ಆಗಿರಬಹುದು. ಹಾಗಾಗಿ ಒಂದೇ ಪದವನ್ನು ಬೇರೆ ಬೇರೆ ಷಡ್ಜದಿಂದ ನುಡಿಸುವ ಅಭ್ಯಾಸ ಬೇಕೇ ಬೇಕು.

ಹಲವು ಆರ್ಗನ್‌ಗಳಲ್ಲಿ ಕೀಬೋರ್ಡಿನ ಕೆಳಗೆ ಮೊಣಕಾಲಿನಿಂದ ಸರಿಸುವ ಎರಡು ಹಿಡಿಕೆಗಳಿರುತ್ತವೆ. ಒಂದು ನಾದವನ್ನು ಏರಿಸಿ ಇಳಿಸುತ್ತದೆ, ಇನ್ನೊಂದು ಎಲ್ಲ ರೀಡ್‌ಗಳನ್ನೂ ಒಟ್ಟಿಗೆ ತೆರೆಯುತ್ತದೆ. ನಟರು ಮಾತಿಗೆ ಇಳಿದಾಗ ನಾದ ತಗ್ಗಿಸಿ, ಪದ ಎತ್ತಿಕೊಂಡಾಗ ಹಿಗ್ಗಿಸುವುದು ಇದರಿಂದಲೇ.

ಮೀಂಡ್ ಬರದ ವಾದ್ಯ

ರೀಡ್‌ಗಳ ಶ್ರುತಿ ಸ್ಥಿರ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲಿ ಸಾಧ್ಯವಿಲ್ಲ. ಇಂಥ ಮಿತಿಗಳ ಕಾರಣಕ್ಕೇ ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ರಂಗಭೂಮಿ ಮಾತ್ರ ಇದನ್ನು ಬಿಡಲಿಲ್ಲ. ಗಾಯಕರು ಮೀಂಡ್ ತೆಗೆಯುವಾಗ ಜಾಣ ವಾದಕರು ಆಧಾರ ಸ್ವರ ಹಿಡಿದು ಸುಮ್ಮನಿರುತ್ತಾರೆ, ಅವರು ಉಸಿರು ತೆಗೆದುಕೊಳ್ಳುವ ಜಾಗವನ್ನು ತುಂಬುತ್ತಾರೆ. ಎಲ್ಲಿ ನುಡಿಸಬಾರದು ಎಂಬುದೂ ಪಾಠದ ಭಾಗವೇ.

ಈಗಿನ ಸವಾಲೇನು?

5 ಲಕ್ಷಕ್ಕೂ ಹೆಚ್ಚು ರೀಡ್ ಆರ್ಗನ್ ತಯಾರಿಸಿದ್ದ ಅಮೆರಿಕದ ಎಸ್ಟೆ ಕಂಪನಿ 1960ರಲ್ಲಿ ಬಾಗಿಲು ಮುಚ್ಚಿತು. ಹಳೆಯ ವಾದ್ಯ ಕೆಟ್ಟರೆ ಬಿಡಿಭಾಗ ಸುಲಭವಾಗಿ ಸಿಗದು. ಮಳೆಗಾಲದ ತೇವಕ್ಕೆ ಮರ ಉಬ್ಬಿ ಕೀಗಳು ಸಿಕ್ಕಿಕೊಳ್ಳುತ್ತವೆ, ತಿದಿಯ ಬಟ್ಟೆ, ಚರ್ಮ ಹಳತಾಗಿ ಗಾಳಿ ಸೋರುತ್ತದೆ, ಇಲಿಗಳ ಕಾಟ ಬೇರೆ. ಸ್ವರ ಹೊರಡದಿದ್ದರೆ ಹೆಚ್ಚಿನ ಸಲ ರೀಡ್‌ನಲ್ಲಿ ದೂಳು ಕೂತಿರುತ್ತದೆ. ಅದನ್ನು ಹೊರತೆಗೆದು ಮೆತ್ತನೆ ಬ್ರಷ್‌ನಿಂದ ಒರೆಸಿದರೆ ಸಾಕು. ಕೆರೆದರೆ ಶ್ರುತಿಯೇ ಕೆಡುತ್ತದೆ.

ಹೊತ್ತೊಯ್ಯಲು ಹಗುರವಾದ, ಶ್ರುತಿ ಬದಲಿಸಲು ಒಂದು ಗುಂಡಿ ಸಾಕಾಗುವ ಎಲೆಕ್ಟ್ರಾನಿಕ್ ಕೀಬೋರ್ಡ್‌ಗಳು ಆರ್ಗನ್ನಿನ ನಾದವನ್ನೂ ಅನುಕರಿಸುತ್ತವೆ. ಆದರೆ ಅಲ್ಲಿ ಕಾಲಿಗೆ ತಿದಿಯ ಕೆಲಸವಿಲ್ಲ. ಗಾಯಕರ ಉಸಿರಿಗೆ ತಕ್ಕಂತೆ ವಾದ್ಯಕ್ಕೂ ಉಸಿರು ಕೊಡುವ ವಿದ್ಯೆ ಪುಸ್ತಕದಿಂದ ಬರುವುದು ಕಷ್ಟ. ಕಲಿಯುವ ಆಸಕ್ತಿ ಇರುವವರು ಸಂಗೀತ ನಾಟಕವೊಂದಕ್ಕೆ ಹೋದಾಗ ಮುಂದಿನ ಸಾಲಿನಲ್ಲಿ ಕುಳಿತು, ಆರ್ಗನ್ ವಾದಕರ ಬೆರಳುಗಳ ಜತೆಗೆ ಅವರ ಪಾದಗಳನ್ನೂ ನೋಡುವುದು ಒಳ್ಳೆಯ ಆರಂಭ.