ಮದುವೆ ಮಾಡಿಸೋ ಅಧಿಕಾರ ಯಾರದು?

ಹೋದ ವರ್ಷ ನಮ್ಮ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಇಲ್ಲೇ ನ್ಯೂರೆಂಬರ್ಗಲ್ಲಿ ಮದುವೆ ಆಗ್ತಿದ್ದೀನಿ. ಹುಡುಗಿ ಜರ್ಮನ್. ಪುರೋಹಿತರೊಬ್ಬರನ್ನ ಕೇಳಿದೆ, ಹುಡುಗಿ ಗೋತ್ರ ಯಾವುದು ಅಂತ ಕೇಳಿ ಸುಮ್ಮನಾದರು. ಬರೀ ಆಫೀಸಲ್ಲಿ ಸೈನ್ ಹಾಕಿದರೆ ಅದು ಮದುವೇನಾ ಅಂತ ಅವ್ವ ಅಳ್ತಾಳೆ. ನೀವೇ ನಡೆಸಿಕೊಡಿ" ಅಂದ. "ಲೋ, ನಾನು ವೈರ್ ಎಳೆಯೋನು, ನನಗೇನು ಅಧಿಕಾರ?" ಅಂದೆ. ಆದರೆ ಮದುವೆ ಮಾಡಿಸೋ ಅಧಿಕಾರ ಯಾರದು ಅನ್ನೋ ಪ್ರಶ್ನೆ ತಲೆಯಲ್ಲೇ ಉಳೀತು. ಹುಡುಕಿ ಓದಿದಾಗ ನಾವಿರೋ ಊರಿನ ಚರಿತ್ರೆಯೇ ಸಿಕ್ಕಿತು.

ಹಿಂದೆ ಇಲ್ಲಿ ಮದುವೆ ಚರ್ಚಿನ ಕೈಲಿತ್ತು. ಬೇರೆ ಬೇರೆ ಧರ್ಮದವರು ಮದುವೆಯಾಗೋದು ಬಹಳ ಕಷ್ಟ. ಬಡವರಿಗೆ ಇನ್ನೊಂದು ಅಡ್ಡಿ ಇತ್ತು. ಬವೇರಿಯಾದಲ್ಲಿ ಸಂಸಾರ ಸಾಕುವ ಶಕ್ತಿ ಇದೆ ಎಂದು ಊರಿನ ಆಡಳಿತ ಒಪ್ಪದಿದ್ದರೆ ಕೂಲಿಯವರು, ಕಸುಬಿನ ಆಳುಗಳು ಮದುವೆಯಾಗೋ ಹಾಗಿರಲಿಲ್ಲ. ನಮ್ಮಂಥವರೇ ಅವರು. ಅನುಮತಿ ಸಿಗದೆ ಎಷ್ಟೋ ಜೋಡಿಗಳು ಮದುವೆಯಿಲ್ಲದೆ ಮಕ್ಕಳನ್ನ ಸಾಕಿದವು. 1868ರ ಕಾನೂನು ಈ ಬಿಗಿಯನ್ನ ಬಹಳಷ್ಟು ಸಡಿಲಿಸಿತು.

ಆಮೇಲೆ ಬಿಸ್ಮಾರ್ಕ್ ಕಾಲ. ಕ್ಯಾಥೊಲಿಕ್ ಚರ್ಚಿನ ಜೊತೆ ಜಗಳದಲ್ಲಿದ್ದ ಸರ್ಕಾರ 1875ರ ಫೆಬ್ರವರಿ 6ರಂದು ಕಾನೂನು ತಂದು, 1876ರ ಜನವರಿ 1ರಿಂದ ಇಡೀ ಜರ್ಮನಿಯಲ್ಲಿ ಮದುವೆಯನ್ನ ಸರ್ಕಾರಿ ನೋಂದಣಿ ಕಚೇರಿಗೆ, ಅಂದರೆ ಸ್ಟಾಂಡೆಸಾಮ್ಟಿಗೆ ಒಪ್ಪಿಸಿತು. ಅಲ್ಲಿ ಆಗೋ ಮುಂಚೆ ಪಾದ್ರಿ ಮದುವೆ ಮಾಡಿಸಿದರೆ ಶಿಕ್ಷೆ. ಆ ನಿಷೇಧ ಹೋಗಿದ್ದು 2009ರಲ್ಲಿ. ಒಟ್ಟಿನಲ್ಲಿ, ಧರ್ಮ ಕೇಳದೆ ಮದುವೆ ಮಾಡಿಸೋ ಒಂದು ಬಾಗಿಲು ತೆರೀತು.

ಅದೇ ಬಾಗಿಲನ್ನ ಮುಚ್ಚಿದ್ದೂ ಇದೇ ಊರಲ್ಲಿ. 1935ರ ಸೆಪ್ಟೆಂಬರ್ 15ರಂದು ನಾಜಿ ಪಕ್ಷದ ಸಮಾವೇಶದ ಸಮಯ ನ್ಯೂರೆಂಬರ್ಗ್ ಕಾನೂನುಗಳನ್ನ ಘೋಷಿಸಿದರು. ಯಹೂದಿಗಳು "ಜರ್ಮನ್ ರಕ್ತ"ದವರನ್ನ ಮದುವೆಯಾಗೋ ಹಾಗಿಲ್ಲ. ತಪ್ಪಿಸಿಕೊಳ್ಳೋಕೆ ವಿದೇಶಕ್ಕೆ ಹೋಗಿ ಆದರೂ ಅದು ಮದುವೆ ಅಲ್ಲ. ಧರ್ಮ ಕೇಳಬಾರದು ಅಂತ ಕೂರಿಸಿದ ಅಧಿಕಾರಿಯೇ ಈಗ ಅಜ್ಜ ಅಜ್ಜಿಯರ ಧರ್ಮ ಕೇಳೋಕೆ ಶುರು ಮಾಡಿದ. 1945ರ ಸೆಪ್ಟೆಂಬರಿನಲ್ಲಿ ಮಿತ್ರರಾಷ್ಟ್ರಗಳು ಆ ಕಾನೂನುಗಳನ್ನ ರದ್ದು ಮಾಡಿದವು.

ನಮ್ಮ ದೇಶದಲ್ಲೂ ಈ ಕತೆ ಇದೆ. 1872ರ ಕಾನೂನಿನ ಪ್ರಕಾರ ರಿಜಿಸ್ಟರ್ ಮದುವೆ ಆಗಬೇಕಾದರೆ ತನ್ನ ಧರ್ಮ ತನಗಿಲ್ಲ ಅಂತ ಬರೆದುಕೊಡಬೇಕಿತ್ತು. 1954ರ ವಿಶೇಷ ವಿವಾಹ ಕಾಯ್ದೆ ಬಂದ ಮೇಲೆ ಧರ್ಮ ಬಿಡಬೇಕಿಲ್ಲ. ವಿವಾಹ ಅಧಿಕಾರಿ, ಮೂವರು ಸಾಕ್ಷಿ ಸಾಕು. ಆದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಅದನ್ನ ನೋಡಿ ಮನೆಯವರು ಗಲಾಟೆ ತೆಗೆಯೋದುಂಟು.

ಮಂತ್ರ ಯಾರು ಹೇಳಬೇಕು ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟವರು ಕುವೆಂಪು. 1966ರಲ್ಲಿ ಮಗ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆಯನ್ನ ಮಂತ್ರ ಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ. ಹಿರಿಯರೊಬ್ಬರು ಓದಿ, ಅರ್ಥ ಹೇಳಿ, ವಧೂವರರು ಒಪ್ಪಿಕೊಂಡರೆ ಆಯಿತು. ಅರ್ಥ ತಿಳಿದ ಯಾರಾದರೂ ಓದಬಹುದು, ಅದಕ್ಕೆ ಜಾತಿಯ ಅರ್ಹತೆ ಬೇಡ.

ಈಗ ಇಲ್ಲಿನ ವಿಷಯಕ್ಕೆ ಬರೋಣ. ನಮ್ಮ ಹುಡುಗನ ಥರ ಒಬ್ಬರು ಜರ್ಮನ್ ಪ್ರಜೆಯಾಗಿದ್ದರೆ ಕಾನೂನಿನ ಮದುವೆ ಸ್ಟಾಂಡೆಸಾಮ್ಟಲ್ಲೇ ಆಗಬೇಕು. ಇಬ್ಬರೂ ಖುದ್ದಾಗಿ, ಒಟ್ಟಿಗೆ ಹಾಜರಿದ್ದು ಒಪ್ಪಿಗೆ ಹೇಳಬೇಕು. ಭಾಷೆ ಬರದಿದ್ದರೆ ದುಭಾಷಿ ಬೇಕು. ಸಾಕ್ಷಿ 1998ರಿಂದ ಕಡ್ಡಾಯವಲ್ಲ. ಭಾರತೀಯರು ಮದುವೆಗೆ ಅಡ್ಡಿಯಿಲ್ಲ ಅನ್ನೋ ಪ್ರಮಾಣಪತ್ರದ ಬದಲು ಇಲ್ಲಿನ ಮೇಲಿನ ಕೋರ್ಟಿಂದ ವಿನಾಯಿತಿ ಪಡೀಬೇಕು. ಕಾಗದಪತ್ರಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಅದಕ್ಕೇ ಬೇಗ ಶುರು ಮಾಡಿ. ದುಡ್ಡು ತಗೊಂಡು ಚೆನ್ನಾಗಿ ಮಾತಾಡಿ ಸಮಾರಂಭ ನಡೆಸೋರೂ ಇಲ್ಲಿ ಸಿಗ್ತಾರೆ. ಅವರು ಮಾಡಿಸಿದ್ದಕ್ಕೆ ಕಾನೂನಿನ ಬೆಲೆ ಇಲ್ಲ. ನನ್ನ ಕಸುಬಿನ ಮಾತಲ್ಲಿ ಹೇಳೋದಾದರೆ, ಮೀಟರಿಗೆ ಸೀಲ್ ಹಾಕೋದು ಇಲಾಖೆಯವರೇ. ಮನೆಯೊಳಗೆ ದೀಪ ಯಾರ ಕೈಲಿ ಹಚ್ಚಿಸಬೇಕು ಅನ್ನೋದು ನಿಮಗೆ ಬಿಟ್ಟಿದ್ದು.

ಕೊನೆಗೆ ನಾನು ಒಪ್ಪಿಕೊಂಡೆ. ಬೆಳಿಗ್ಗೆ ಅಧಿಕಾರಿಯ ಮುಂದೆ ಇಬ್ಬರೂ "ಯಾ" ಅಂದರು. ಸಂಜೆ ಬಾಡಿಗೆ ಹಾಲಿನಲ್ಲಿ ನಾನು ಕನ್ನಡದಲ್ಲಿ ಓದಿದೆ, ಹುಡುಗಿಯ ಚಿಕ್ಕಪ್ಪ ಜರ್ಮನಿನಲ್ಲಿ ಓದಿದರು. ಅವ್ವ ವಿಡಿಯೋ ಕಾಲಲ್ಲಿ ನೋಡ್ತಾ ಅಕ್ಷತೆ ಹಾಕಿದಳು. "ನೀನು ಹೇಳಿದ್ದು ಪೂರ್ತಿ ಅರ್ಥ ಆಯ್ತು ಕಣಪ್ಪಾ" ಅಂದಳು.

ಜರ್ಮಾನಿಷಸ್ ಮ್ಯೂಸಿಯಂ ಪಕ್ಕದಲ್ಲಿ 1993ರಲ್ಲಿ ಆದ ಮಾನವ ಹಕ್ಕುಗಳ ಬೀದಿ ಇದೆ. ಬಿಳಿ ಕಂಬಗಳ ಸಾಲಿನಲ್ಲಿ ವಿಶ್ವಸಂಸ್ಥೆಯ ಘೋಷಣೆಯ 30 ವಿಧಿಗಳನ್ನ ಬರೆಸಿದ್ದಾರೆ. 16ನೇದು ಮದುವೆಯದು: ಜನಾಂಗ, ದೇಶ, ಧರ್ಮ ಅಡ್ಡಿಯಾಗಬಾರದು, ಇಬ್ಬರ ಒಪ್ಪಿಗೆ ಇರಬೇಕು. ಆ ಕಡೆ ಹೋದಾಗ ಒಮ್ಮೆ ನಿಂತು ನೋಡಿ. 1935ರ ಊರಲ್ಲೇ ಅದು ನಿಂತಿದೆ.