ಕಾಲುವಿ ಬಂತು, ನೀರು ಅಳಿಯೋರು ಯಾರು?



ನಮ್ಮ ಸಂಘಕ್ಕ ಇಪ್ಪತ್ತೈದು ವರ್ಷ ತುಂಬಿದ ಈ ಹೊತ್ತಿನಲ್ಲಿ ಸಾಲ, ಠೇವಣಿ, ಗೊಬ್ಬರದ ಲೆಕ್ಕವನ್ನು ಕಾರ್ಯದರ್ಶಿಗಳು ತಮ್ಮ ವರದಿಯೊಳಗ ಕೊಟ್ಟೇ ಕೊಡ್ತಾರ. ನಾನು ನೀರಿನ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ನಾನೇನು ಇಂಜಿನಿಯರ್ ಅಲ್ಲ, ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕ ಇಳಿದವ. ಆದರ ನೀರು ಹಾಯಿಸಿದ ಅನುಭವ ಇದೆ. ಹಿರಿಯರಿಂದ ಕೇಳಿದ್ದೂ ಓದಿದ್ದೂ ಸ್ವಲ್ಪ ಇದೆ.

ನಮ್ಮ ಸೀಮೆ ಮೊದಲಿನಿಂದ ಮಳೀ ನಂಬಿದ ಸೀಮೆ. ನರಗುಂದ ಮತ್ತು ರೋಣದ ಕಡೆ ಎರಿ ಭೂಮಿ, ಗಜೇಂದ್ರಗಡದ ಗುಡ್ಡದ ಸೆರಗಿಗೆ ಮಸಾರಿ. ಎರಿ ಹೊಲದಾಗ ಹಿಂಗಾರಿ ಜೋಳ, ಕಡ್ಲಿ, ಕುಸುಬಿ, ಹತ್ತಿ ಇವೆಲ್ಲ ನೆಲದ ಹಸಿ ಮ್ಯಾಲೆ ಬರತಿದ್ದವು. ಹಂಗಂತ ನಮ್ಮ ಮಂದಿಗೆ ನೀರಿನ ವಿದ್ಯೆ ಗೊತ್ತಿರಲಿಲ್ಲ ಅನ್ನಬಾರದು. ಸೂಡಿಯ ನಾಗಕುಂಡವನ್ನು ನೋಡಿದವರು ಯಾರೂ ಆ ಮಾತು ಆಡಲಾರರು. ಕಲ್ಯಾಣ ಚಾಲುಕ್ಯರ ಕಾಲದ ಅಕ್ಕಾದೇವಿ ಆಳಿದ ಊರು ಅದು. ಸುಮಾರು ಸಾವಿರ ವರ್ಷದ ಹಿಂದೆ ನೀರಿಗೆ ಮೆಟ್ಟಿಲು ಕಟ್ಟಿ, ಸುತ್ತ ಕೆತ್ತಿದ ಕಲ್ಲಿನ ಗೋಡಿ ನಿಲ್ಲಿಸಿದ್ದಾರೆ. ಗಜೇಂದ್ರಗಡದ ಕಾಲಕಾಲೇಶ್ವರದೊಳಗ ಗುಡ್ಡದಿಂದ ಬರುವ ಅಂತರಗಂಗೆ ಇದೆ. ಆದರ ಇವೆಲ್ಲ ಕುಡಿಯೋ ನೀರು, ದೇವರ ನೀರು. ಹೊಲಕ್ಕ ನೀರು ಹಾಯಿಸೋ ರೂಢಿ ನಮಗಿರಲಿಲ್ಲ.

ಅದು ಬಂದದ್ದು ಮಲಪ್ರಭಾ ಅಣೆಕಟ್ಟಿನಿಂದ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಎರಡು ಗುಡ್ಡದ ನಡುವಿನ ಕಣಿವೆಗೆ ಕಟ್ಟಿದ ಈ ಅಣೆಕಟ್ಟು 1972ರ ಹೊತ್ತಿಗೆ ಸಿದ್ಧವಾಯಿತು. ಜಲಾಶಯಕ್ಕೆ ರೇಣುಕಾಸಾಗರ ಅಂತ ಹೆಸರು, ಹಿಡಿಯುವ ನೀರು 37.73 ಟಿ.ಎಂ.ಸಿ. ಬಲದಂಡೆ ಕಾಲುವಿ ಮತ್ತು ಅದರ ಶಾಖೆಗಳು ನರಗುಂದ, ನವಲಗುಂದ, ರೋಣದ ಎರಿ ಹೊಲಗಳ ಕಡೆ ಬಂದವು. ಅದೇ 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಡಾ. ಕತರಕಿಯವರ ವರಲಕ್ಷ್ಮಿ ಹತ್ತಿ ಹೊರಗ ಬಂತು. ಕಾಲುವಿ ಮತ್ತು ವರಲಕ್ಷ್ಮಿ ಒಂದ ಹೊತ್ತಿಗೆ ಬಂದದ್ದರಿಂದ ರೈತರಿಗೆ ಕೈಯಾಗ ರೊಕ್ಕ ಕಂಡಿತು. ಹಳೇ ಮಂದಿ ಇವತ್ತೂ ಅದನ್ನ ನೆನಸ್ತಾರ.

ಆದರ ಸರಕಾರ ಕಾಲುವಿ ತೋಡಿತೇ ಹೊರತು, ನೀರು ಹಾಯಿಸೋದನ್ನ ಕಲಿಸಲಿಲ್ಲ. ಎರಿ ಭೂಮಿಯ ಗುಣ ಬೇರೆ. ಒಣಗಿದಾಗ ಬಿರುಕು ಬಿಡ್ತದ, ಮೊದಲ ನೀರು ಆ ಬಿರುಕಿನೊಳಗ ಗಟಗಟ ಇಳೀತದ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಳಿಯೋದು ಬಹಳ ಸಾವಕಾಶ. ಮ್ಯಾಲೆ ನಿಂತ ನೀರು ಬೆಳೆಯ ಬೇರಿಗೆ ಗಾಳಿ ಸಿಗದಂಗ ಮಾಡ್ತದ. ಬಸಿಗಾಲುವೆ ಇಲ್ಲದ ತಗ್ಗಿನ ಹೊಲದಾಗ ವರ್ಷ ವರ್ಷ ನೀರು ಕುಡಿಸಿದರ ನೆಲದೊಳಗಿನ ನೀರು ಮ್ಯಾಲೆ ಏರಿ, ಅದರ ಕೂಡ ಉಪ್ಪು ಏರಿ, ಹೊಲದ ಮುಖದ ಮ್ಯಾಲೆ ಬೆಳ್ಳಗ ಕೂಡ್ತದ. ಮಲಪ್ರಭಾ ಅಚ್ಚುಕಟ್ಟಿನೊಳಗ ಸವಳು-ಜವಳು ಆದ ಹೊಲಗಳು ಹೀಗೇ ಹುಟ್ಟಿದ್ದು. ಮುಂದ ಇದ್ದವರಿಗೆ ನೀರು ಹೆಚ್ಚಾಗಿ ಹೊಲ ಕೆಟ್ಟಿತು, ಬಾಲದ ತುದಿಯವರಿಗೆ ನೀರು ಮುಟ್ಟದೆ ಬೆಳೆ ಕೆಟ್ಟಿತು.

ಇಂಥದ್ದರೊಳಗ 1980 ಬಂತು. ಹತ್ತಿ ಧಾರಣಿ ಕುಸಿದಿತ್ತು. ನೀರು ಮುಟ್ಟದ ಹೊಲಕ್ಕೂ ನೀರಾವರಿ ಅಂತ ಬರೆದು ಸುಧಾರಣಾ ಕರ, ನೀರಿನ ಕರ ಕೇಳಿದರು. 1980ರ ಜುಲೈ 21ರಂದು ನರಗುಂದದಲ್ಲಿ ತಹಶೀಲ್ದಾರ ಕಚೇರಿ ಮುಂದೆ ರೈತರು ಸೇರಿದರು, ಗೋಲಿಬಾರ್ ಆಯಿತು. ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ತೀರಿಕೊಂಡರು. ಪೊಲೀಸರೂ ಸತ್ತರು. ರಾಜ್ಯದ ತುಂಬ ಕಿಚ್ಚು ಹಬ್ಬಿ, ಅದೇ ವರ್ಷ ರೈತ ಸಂಘ ಕಟ್ಟಿಕೊಂಡಿತು. ಇವತ್ತಿಗೂ ಜುಲೈ 21 ನಮಗ ಹುತಾತ್ಮ ದಿನ.

ಈ ಬಂಡಾಯದ ಬಗ್ಗೆ ಭಾಷಣ ಬಹಳ ಆಗ್ಯಾವು. ನನಗ ಅನಿಸಿದ್ದನ್ನ ಹೇಳ್ತೇನಿ. ಅಂದು ಕಾಗದದ ಮ್ಯಾಲೆ ಎಕರೆ ಇತ್ತು, ಹೊಲದಾಗ ನೀರು ಇರಲಿಲ್ಲ. ಯಾವ ತೂಬಿನಿಂದ ಎಷ್ಟು ನೀರು ಹೋಯಿತು ಅನ್ನೋ ಲೆಕ್ಕ ರೈತನ ಕೈಯಾಗ ಇದ್ದಿದ್ದರ ಅರ್ಧ ಜಗಳ ಅಲ್ಲೇ ಮುಗೀತಿತ್ತು. ಧಾರಣಿಯ ಜಗಳ ಬೇರೆ, ಅದು ಲೆಕ್ಕದಿಂದ ಮುಗಿಯೋದಲ್ಲ.

ಹಳೇ ಮೈಸೂರ ಕಡೆ ಕೆರೆಗೆ ನೀರಗಂಟಿ ಇರ್ತಾನ. ನಮ್ಮ ಕಾಲುವಿ ಮ್ಯಾಲೆ ಸೌಡಿ. ಈ ಕೆಲಸವನ್ನು ಕೀಲಿ ತಿರುವೋ ಕೆಲಸ ಅಂತ ನಾವು ಹಗುರಾಗಿ ನೋಡ್ತೀವಿ. ಅದು ದೊಡ್ಡ ಮಾತೇನಲ್ಲ, ಆದರ ಕಲೀಬೇಕಾದ ಮಾತು. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್, ಅಂದರೆ ಸುಮಾರು 28 ಲೀಟರ್. ಒಂದು ಕ್ಯೂಸೆಕ್ ನೀರು ಹಗಲು ರಾತ್ರಿ 24 ತಾಸು ಹರಿದರೆ ಎರಡು ಎಕರೆಗೆ ಒಂದು ಅಡಿ ನಿಲ್ಲುವಷ್ಟು. ಮೂರು ಇಂಚಿನ ನೀರು ಹಾಯಿಸಿದರೆ ಎಂಟು ಎಕರೆ, ಸೋರಿದ್ದು ಬೇರೆ.

ಗೇಜ್ ಇಲ್ಲದ ಹೊಲಗಾಲುವೆಯೊಳಗೂ ಅಳೀಬಹುದು. ನೆಟ್ಟಗ ಇರುವ 50 ಅಡಿ ಹಿಡೀರಿ. ಒಂದು ಬೆಂಡಿನ ತುಂಡು ಬಿಟ್ಟು ಗಡಿಯಾರ ನೋಡ್ರಿ. 40 ಸೆಕೆಂಡಿಗೆ ದಾಟಿದರ ಮ್ಯಾಲಿನ ವೇಗ ಸೆಕೆಂಡಿಗೆ ಒಂದೂಕಾಲು ಅಡಿ. ತಳದಾಗ ಮತ್ತು ದಂಡಿಗೆ ನೀರು ಸಾವಕಾಶ ಹೋಗೋದರಿಂದ ಅದನ್ನ 0.85ರಿಂದ ಗುಣಿಸಬೇಕು. ನೀರಿನ ಅಗಲ ಮೂರಡಿ, ಆಳ ಒಂದಡಿ ಇದ್ದರ ಸುಮಾರು 3.2 ಕ್ಯೂಸೆಕ್ ಬಂತು. ಒಂದು ದಿನಕ್ಕ ಮೂರು ಇಂಚಿನಂತೆ 25 ಎಕರೆ. ಇಷ್ಟು ಗುಣಾಕಾರ ನಮ್ಮೂರ ಏಳನೇ ಇಯತ್ತೆ ಹುಡುಗರೂ ಮಾಡ್ತಾರ. ಒಂದು ತೂಬಿಗೆ 100 ಎಕರೆ ಇದ್ದು ವಾರದ ಸರದಿ ಆದರ 168 ತಾಸನ್ನ ಹಂಚಿದಾಗ ಎಕರೆಗೆ ಒಂದು ತಾಸು ನಲವತ್ತು ನಿಮಿಷ. ಇದನ್ನ ಬರೆದು ಚಾವಡಿ ಗೋಡಿಗೆ ಹಚ್ಚಿದರ ಬಲಿಷ್ಠನೂ ಬಡವನೂ ಒಂದೇ ಗಡಿಯಾರದ ಕೆಳಗ ಬರ್ತಾರ. ರಾತ್ರಿ ಸರದಿ ಯಾರಿಗೆ ಅನ್ನೋದಷ್ಟ ಉಳಿಯೋ ಜಗಳ!

ಗಜೇಂದ್ರಗಡದ ಕಡೆಯವರಿಗೆ ಕಾಲುವಿ ಮಾತು ಹೊಂದೋದಿಲ್ಲ, ಅವರದು ಬೋರು ಮತ್ತು ಕೃಷಿ ಹೊಂಡ. ಅವರಿಗೆ ಹನಿ ನೀರಾವರಿ ಬಲ್ಲ ಮನುಷ್ಯಾ ಬೇಕು. ಫಿಲ್ಟರ್ ತೊಳೆಯೋದು, ಪೈಪಿನ ತುದಿ ಬಿಚ್ಚಿ ಕೆಸರು ಬಿಡೋದು, ಮೊದಲ ಮತ್ತು ಕಡೀ ಹನಿಯ ಕೆಳಗ ಡಬ್ಬಿ ಇಟ್ಟು ಒಂದು ತಾಸಿಗೆ ಎಷ್ಟು ಬಿತ್ತು ನೋಡೋದು. ನಾಲ್ಕು ಲೀಟರಿನ ಹನಿ ಕಡೀಗೆ ಎರಡು ಲೀಟರ್ ಕೊಡ್ತಿದ್ದರ ಎಲ್ಲೋ ಕಟ್ಟಿಕೊಂಡದ ಅಥವಾ ಒತ್ತಡ ಸಾಲ್ತಿಲ್ಲ ಅಂತ ಅರ್ಥ. ಮಸಾರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳೋದಿಲ್ಲ, ಅದಕ್ಕ ತುಸು ತುಸು, ಮ್ಯಾಲಿಂದ ಮ್ಯಾಲೆ ಕೊಡಬೇಕು.

ಈಗ ಕಾಯ್ದೆಯೂ ನಮ್ಮ ಕಡೆ ಇದೆ. 2000ದಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಜಾಗ ಸಿಕ್ಕಿತು. ನೀರನ್ನು ಸಂಘಕ್ಕೆ ಅಳೆದು ಕೊಡಬೇಕು, ಸಂಘ ತನ್ನ ಸದಸ್ಯರಿಗೆ ಹಂಚಬೇಕು. ಸಹಕಾರ ನಮಗ ಹೊಸದಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ರೊಕ್ಕದ ಲೆಕ್ಕ ಇಡೋದನ್ನ ನೂರಾ ಇಪ್ಪತ್ತು ವರ್ಷದ ಹಿಂದ ಕಲಿತ ಜಿಲ್ಲೆ ನಮ್ಮದು. ಆದರ ಬಹಳ ಕಡೆ ನೀರಿನ ಸಂಘದ ಫಲಕ ಇದೆ, ನೀರಿನ ವಹಿ ಇಲ್ಲ.

ಮಹದಾಯಿ ಬಗ್ಗೆ ಬರೆಯದಿದ್ದರೆ ಓದುಗರು ಬಿಡಲಾರರು. 2015ರ ಜುಲೈನಿಂದ ನರಗುಂದದಲ್ಲಿ ಕೂತ ಧರಣಿ ಎಲ್ಲರಿಗೂ ಗೊತ್ತು. 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಕೊಟ್ಟಿತು. ಅದರೊಳಗ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ 3.90, ಅದೂ ಕುಡಿಯುವ ನೀರಿಗಾಗಿ. 120 ದಿನ ಸತತ ಹರಿಸಿದರೆ ಸುಮಾರು 375 ಕ್ಯೂಸೆಕ್ ಆಗ್ತದ. ಆ ನೀರು ಇನ್ನೂ ಬಂದಿಲ್ಲ. ಬರಬೇಕು, ಹೋರಾಟ ನಡೀಬೇಕು. ಆದರ ಹುಬ್ಬಳ್ಳಿ-ಧಾರವಾಡಕ್ಕೂ ಇದೇ ಜಲಾಶಯದ ನೀರು, ಅದು ಪೂರ್ತಿ ತುಂಬಿದ ವರ್ಷಗಳೂ ಕಡಿಮೆ. ಇದ್ದ ನೀರು ಬಾಲದ ತುದಿಯ ಹೊಲಕ್ಕ ಮುಟ್ಟೋದು ನಮ್ಮ ಕೈಯಾಗಿನ ಕೆಲಸ.

ಧಾರವಾಡದಲ್ಲಿ ವಾಲ್ಮಿ, ಅಂದರೆ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ಇದೆ, ರೈತರಿಗೂ ತರಬೇತಿ ಕೊಡ್ತಾರ. ಅಲ್ಲಿಗೆ ನಮ್ಮೂರಿನ ಇಬ್ಬರು ಹುಡುಗರನ್ನ ಸಂಘದ ಖರ್ಚಿನಲ್ಲಿ ಕಳಿಸಬೇಕು, ತೂಬಿಗೆ ಗೇಜ್ ಪಟ್ಟಿ ಹಚ್ಚಬೇಕು, ಸರದಿಯ ವಹಿ ಸಂಘದ ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕು ಎಂಬ ಠರಾವನ್ನು ಬರುವ ಸರ್ವಸಾಧಾರಣ ಸಭೆಯಲ್ಲಿ ನಾನು ಮಂಡಿಸುವವನಿದ್ದೇನೆ. ಸದಸ್ಯರು ಆ ದಿನ ತಪ್ಪದೆ ಬರಬೇಕು, ಅದರೊಳಗೂ ಬಾಲದ ತುದಿಯ ಹೊಲದವರು.