ಡಬ್ಬಿ ಮೇಲೆ ಒಂದು, ಚೀಟಿಯಲ್ಲಿ ಇನ್ನೊಂದು: ಲೆಟ್ರೊಜೋಲ್ ಹೇಳುವ ಕಥೆ

ಮಕ್ಕಳಾಗಿಲ್ಲ ಅಂತ ಗಂಡ ಹೆಂಡತಿ ಡಾಕ್ಟರ್ ಹತ್ರ ಹೋಗ್ತಾರೆ. ಡಾಕ್ಟರ್ ಐದು ದಿನದ ಮಾತ್ರೆ ಬರೆದುಕೊಡ್ತಾರೆ. ರಾತ್ರಿ ಮನೆಗೆ ಬಂದು ಗೂಗಲ್ ಮಾಡಿದ್ರೆ ಬರೋದೇನು? 'ಸ್ತನ ಕ್ಯಾನ್ಸರ್ ಔಷಧಿ'. ಎದೆ ಧಸಕ್ ಅನ್ನುತ್ತೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇರೋ ನಮಗೆ, ಆ ಹೊತ್ತಲ್ಲಿ ಕೇಳೋಕೆ ಊರಿನ ಪರಿಚಯದ ಡಾಕ್ಟರೂ ಪಕ್ಕದಲ್ಲಿ ಇರಲ್ಲ. ಆ ಮಾತ್ರೆ ಲೆಟ್ರೊಜೋಲ್. ಇವತ್ತಿನ ಮಾತು ಅದರ ಇತಿಹಾಸದ ಬಗ್ಗೆ.

ಸರ್ಕಾರ ಒಂದು ಔಷಧಿಗೆ ಒಪ್ಪಿಗೆ ಕೊಡೋದು ನಿರ್ದಿಷ್ಟ ಕಾಯಿಲೆಗೆ. ಡಾಕ್ಟರ್ ಅದನ್ನೇ ಬೇರೆ ತೊಂದರೆಗೆ ಬರೆದರೆ ಅದು 'ಆಫ್-ಲೇಬಲ್'. ಕಳ್ಳತನವಲ್ಲ, ಪ್ರಪಂಚದಾದ್ಯಂತ ನಡೆಯೋ ರೂಢಿ.

ಅಮೆರಿಕದಲ್ಲಿ ಲೆಟ್ರೊಜೋಲ್‌ಗೆ 1997ರಲ್ಲಿ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ತು. ಇದು ದೇಹದ ಈಸ್ಟ್ರೋಜನ್ ಇಳಿಸುತ್ತೆ. ಇಳಿದಾಗ ಮಿದುಳು 'ಸಾಲದು' ಅಂತ ಅಂಡಾಶಯಕ್ಕೆ ಇನ್ನಷ್ಟು ಸಂಕೇತ ಕಳಿಸುತ್ತೆ, ಅಂಡಾಣು ಬೆಳೆಯುತ್ತೆ. 2001ರಲ್ಲಿ ಟೊರೊಂಟೊದ ಮಿತ್ವಾಲಿ ಮತ್ತು ಕ್ಯಾಸ್ಪರ್ ಈ ಬಳಕೆಯನ್ನ ಪ್ರಕಟಿಸಿದರು. 2005ರಲ್ಲಿ ಒಂದು ಸಮ್ಮೇಳನದಲ್ಲಿ, ಮಕ್ಕಳಲ್ಲಿ ಹುಟ್ಟು ದೋಷ ಬರಬಹುದು ಅನ್ನೋ ವರದಿ ಬಂತು. ಮರುವರ್ಷವೇ 911 ಶಿಶುಗಳ ಕೆನಡಾ ಅಧ್ಯಯನದಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಆದ್ರೆ ಭಯ ಹೋಗ್ಲಿಲ್ಲ.

2011ರ ಅಕ್ಟೋಬರ್‌ನಲ್ಲಿ ಭಾರತ ಸರ್ಕಾರ ಔಷಧ ಮತ್ತು ಪ್ರಸಾಧನ ಕಾಯ್ದೆಯ 26ಎ ಕಲಂ ಬಳಸಿ ಬಂಜೆತನಕ್ಕೆ ಲೆಟ್ರೊಜೋಲ್ ನಿಷೇಧಿಸಿತು. ಕ್ಯಾನ್ಸರ್‌ಗೆ ಮಾತ್ರ ಮಾತ್ರೆ ಅಂಗಡಿಯಲ್ಲಿ ಸಿಗ್ತಾನೇ ಇತ್ತು. ಡಾಕ್ಟರ್ ಏನು ಮಾಡಬೇಕು?

ಇಲ್ಲೇ ಕಾನೂನಿನ ಸೂಕ್ಷ್ಮ ಇರೋದು. ಆಫ್-ಲೇಬಲ್ ಬರೆಯೋ ಡಾಕ್ಟರಿಗೆ ನಮ್ಮಲ್ಲಿ ಪ್ರತ್ಯೇಕ ರಕ್ಷಣಾ ಕಾಯ್ದೆ ಇಲ್ಲ. ಇರೋ ಆಸರೆ ಕೋರ್ಟ್ ತೀರ್ಪುಗಳದ್ದು. ಇಂಗ್ಲೆಂಡಿನ 1957ರ ಬೋಲಮ್ ಪ್ರಕರಣದ ತತ್ವ: ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿ ಅನ್ನೋ ರೀತಿಯಲ್ಲಿ ನಡೆದುಕೊಂಡರೆ ಅದು ನಿರ್ಲಕ್ಷ್ಯ ಅಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದನ್ನ ಒಪ್ಪಿತು. ಕ್ರಿಮಿನಲ್ ಕೇಸಿಗೆ ಘೋರ ನಿರ್ಲಕ್ಷ್ಯ ಬೇಕು, ಡಾಕ್ಟರನ್ನ ಸುಮ್ಮಸುಮ್ಮನೆ ಬಂಧಿಸಬಾರದು ಅಂತಲೂ ಹೇಳಿತು. ಆದ್ರೆ ಲೇಬಲ್ಲಿನಲ್ಲಿ ಇಲ್ಲದ್ದು ಬೇರೆ, ಸರ್ಕಾರ 'ಬೇಡ' ಅಂದದ್ದು ಬೇರೆ. ನಿಷೇಧ ಬಂದ ಮೇಲೆ 'ಎಲ್ಲರೂ ಬರೀತಾರೆ ಸ್ವಾಮಿ' ಅನ್ನೋ ವಾದದ ಬಲ ಕುಗ್ಗುತ್ತೆ.

2014ರಲ್ಲಿ ಅಮೆರಿಕದ 750 ಪಿಸಿಓಎಸ್ ಮಹಿಳೆಯರ ಅಧ್ಯಯನ ಬಂತು. ಮಗು ಹುಟ್ಟಿದ ಪ್ರಮಾಣ ಲೆಟ್ರೊಜೋಲ್‌ನಲ್ಲಿ ಶೇ. 27.5, ಹಳೆಯ ಕ್ಲೋಮಿಫೀನ್‌ನಲ್ಲಿ ಶೇ. 19.1. ಭಾರತದ ನಿಷೇಧ ತೆರವಾಗಿದ್ದು 2017ರಲ್ಲಿ. ಆ ನಡುವಿನ ವರ್ಷಗಳು ವಯಸ್ಸು ಜಾರ್ತಿದ್ದ ಹೆಂಗಸರಿಗೆ ಬರೀ ಕ್ಯಾಲೆಂಡರ್ ಹಾಳೆ ಆಗಿರಲಿಲ್ಲ.

ಹಾಗಂತ ಡಾಕ್ಟರಿಗೆ ಖಾಲಿ ಚೆಕ್ಕೂ ಇಲ್ಲ. 1995ರ ವಿ.ಪಿ. ಶಾಂತಾ ತೀರ್ಪಿನಿಂದ ದುಡ್ಡು ಪಡೆದು ಕೊಡೋ ಚಿಕಿತ್ಸೆ ಗ್ರಾಹಕ ಕಾನೂನಿನ ಅಡಿ ಬಂತು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಪರೀಕ್ಷೆಗೆ ಅಂತ ಅರಿವಳಿಕೆ ಕೊಟ್ಟಿದ್ದಾಗ, ಆಕೆಯನ್ನ ಕೇಳದೆ ಗರ್ಭಕೋಶ ತೆಗೆದಿದ್ದರು. ಅಮ್ಮನ ಸಹಿ ಸಾಲದು, ವಯಸ್ಕ ರೋಗಿಯದ್ದೇ ಒಪ್ಪಿಗೆ ಬೇಕು, ಅದೂ ತಿಳಿಸಿ ಪಡೆದದ್ದು ಅಂತ ಕೋರ್ಟ್ ಹೇಳಿತು.

ಅಂದ್ರೆ ಡಾಕ್ಟರಿನ ನಿಜವಾದ ಕವಚ ಎರಡು: ಗಟ್ಟಿ ವೈದ್ಯಕೀಯ ಆಧಾರ, ರೋಗಿಗೆ ಬಿಡಿಸಿ ಹೇಳಿದ ಮಾತು. ಎರಡನೆಯದು ನಮ್ಮ ಕವಚವೂ ಹೌದು. ಮುಂದಿನ ಸಲ ಚೀಟಿ ಕೈಗೆ ಬಂದಾಗ ಅಲ್ಲೇ ಕೂತು ಕೇಳಿ: 'ಡಾಕ್ಟ್ರೇ, ಇದು ಲೇಬಲ್ಲಲ್ಲಿ ಯಾವುದಕ್ಕಿದೆ? ನನಗೆ ಯಾಕೆ ಬರೆದ್ರಿ? ಬೇರೆ ದಾರಿ ಏನಿದೆ?' ಒಳ್ಳೆ ಡಾಕ್ಟರ್ ಬೇಜಾರು ಮಾಡ್ಕೊಳ್ಳಲ್ಲ. ರಾತ್ರಿ ಗೂಗಲ್ ನೋಡಿ ಹೆದರೋದೂ ತಪ್ಪುತ್ತೆ.